ಇದಕ್ಕಲ್ಲ, ಅದಕ್ಕೆ: ಇಂಗ್ಲಿಷ್‌ನಲ್ಲಿ ಉದ್ದೇಶಗಳ ತರತಮ

1978ರಲ್ಲಿ ಅಮೆರಿಕದ ಸಂಸತ್ತು ‘ಫಿಸಾ’ ಎಂಬ ಕಾಯ್ದೆಯನ್ನು ಮಾಡಿತು. ಬೇಹುಗಾರಿಕೆಯ ಶಂಕೆಯಿರುವವರ ದೂರವಾಣಿಯನ್ನು ಕದ್ದಾಲಿಸಲು ಅನುಮತಿ ಬೇಕಿದ್ದರೆ, ವಿದೇಶಿ ಗುಪ್ತಚರ ಮಾಹಿತಿ ಪಡೆಯುವುದೇ ಅದರ ‘ದಿ ಪರ್ಪಸ್’ ಎಂದು ಅಧಿಕಾರಿಗಳು ಬರೆದುಕೊಡಬೇಕಿತ್ತು. ಆ ಪದವನ್ನು ನ್ಯಾಯಾಲಯಗಳು ‘ಮುಖ್ಯ ಉದ್ದೇಶ’ ಎಂದು ಓದಿಕೊಂಡವು. 2001ರ ಸೆಪ್ಟೆಂಬರ್ ದಾಳಿಯ ಬೆನ್ನಿಗೇ ಬಂದ ಪೇಟ್ರಿಯಟ್ ಕಾಯ್ದೆ ಅಲ್ಲಿದ್ದ ‘ದಿ ಪರ್ಪಸ್’ ಅನ್ನು ತೆಗೆದು ‘ಎ ಸಿಗ್ನಿಫಿಕೆಂಟ್ ಪರ್ಪಸ್’ ಎಂದು ಸೇರಿಸಿತು. ಅಲ್ಲಿಗೆ ಗುಪ್ತಚರ ಮಾಹಿತಿ ಏಕೈಕ ಉದ್ದೇಶವೂ ಆಗಬೇಕಿರಲಿಲ್ಲ, ಪ್ರಧಾನ ಉದ್ದೇಶವೂ ಆಗಬೇಕಿರಲಿಲ್ಲ. ಲೆಕ್ಕಕ್ಕೆ ಬರುವಂಥ ಒಂದು ಉದ್ದೇಶವಾಗಿದ್ದರೆ ಸಾಕಿತ್ತು. ಕ್ರಿಮಿನಲ್ ಮೊಕದ್ದಮೆ ಹೂಡುವುದು ಅದರ ಪಕ್ಕದಲ್ಲೇ ಕೂರಬಹುದಿತ್ತು. 2002ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಈ ಬದಲಾವಣೆಯನ್ನು ಎತ್ತಿಹಿಡಿಯಿತು. ಒಂದು ಆರ್ಟಿಕಲ್ ಬದಲಾಗಿ ಒಂದು ವಿಶೇಷಣ ಸೇರಿದ್ದಕ್ಕೇ ಸರ್ಕಾರದ ಕೈ ಎಷ್ಟು ಉದ್ದವಾಯಿತು ನೋಡಿ.

ಮನುಷ್ಯ ಒಂದೇ ಕೆಲಸವನ್ನು ಎರಡು ಮೂರು ಉದ್ದೇಶ ಇಟ್ಟುಕೊಂಡು ಮಾಡುತ್ತಾನೆ. ಯಾವುದು ಮೇಲೆ, ಯಾವುದು ಕೆಳಗೆ, ಯಾವುದು ಇರಲೇ ಇಲ್ಲ ಎಂಬುದನ್ನು ಹೇಳಲು ಇಂಗ್ಲಿಷ್‌ನಲ್ಲಿ ಸಣ್ಣ ಸಣ್ಣ ಪದಗುಚ್ಛಗಳ ದೊಡ್ಡ ದಾಸ್ತಾನೇ ಇದೆ. ಕಚೇರಿ ಪತ್ರ, ವಿಶ್ವವಿದ್ಯಾಲಯದ ಅರ್ಜಿ, ನ್ಯಾಯಾಲಯದ ತೀರ್ಪು, ಪತ್ರಿಕೆಯ ಸಂಪಾದಕೀಯ, ಎಲ್ಲದಕ್ಕೂ ಇವೇ ಬೇಕು. ಇವುಗಳ ಬಗ್ಗೆ ವ್ಯಾಕರಣಕಾರರು, ಶೈಲಿಯ ಗುರುಗಳು, ತತ್ತ್ವಜ್ಞಾನಿಗಳು, ನ್ಯಾಯಾಧೀಶರು ತಲೆ ಕೆಡಿಸಿಕೊಂಡಿದ್ದಾರೆ, ಆದರೆ ಬೇರೆ ಬೇರೆ ಕೋಣೆಗಳಲ್ಲಿ ಕೂತು. ಎಲ್ಲರ ಮಾತನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಗೊಂದಲ ಹುಟ್ಟುವುದು ಪದ ಗೊತ್ತಿಲ್ಲದ್ದರಿಂದಲ್ಲ. ಒಂದು ಉದ್ದೇಶವನ್ನು ತಾನು ನಿರಾಕರಿಸುತ್ತಿದ್ದೇನೆಯೋ, ಬರೀ ಎರಡನೇ ಸ್ಥಾನಕ್ಕೆ ಇಳಿಸುತ್ತಿದ್ದೇನೆಯೋ ಎಂದು ಬರೆಯುವವನೇ ತೀರ್ಮಾನಿಸಿಲ್ಲದಿರುವುದರಿಂದ.

ಐದು ಮೆಟ್ಟಿಲು

ಒಂದು ಉದಾಹರಣೆ ಹಿಡಿದುಕೊಳ್ಳೋಣ. ನೆರೆ ಬಂದ ಹಳ್ಳಿಗೆ ತಹಶೀಲ್ದಾರರು ಹೋದರು. ಹಾನಿಯನ್ನು ಪರಿಶೀಲಿಸುವುದು ಒಂದು ಉದ್ದೇಶ, ಜನರಿಗೆ ಸಮಾಧಾನ ಹೇಳುವುದು ಇನ್ನೊಂದು. ಇಂಗ್ಲಿಷ್ ಇವೆರಡನ್ನೂ ಐದು ರೀತಿಯಲ್ಲಿ ಜೋಡಿಸಬಲ್ಲದು.

ಮೊದಲನೆಯದು ನಿರಾಕರಣೆ: ‘ನಾಟ್ ಟು ಇನ್‌ಸ್ಪೆಕ್ಟ್ ಬಟ್ ಟು ಕನ್ಸೋಲ್’. ಪರಿಶೀಲನೆ ಉದ್ದೇಶವೇ ಆಗಿರಲಿಲ್ಲ ಎಂದರ್ಥ. ನಾಳೆ ಯಾರಾದರೂ ಅವರ ಕೈಯಲ್ಲಿ ಹಾನಿಯ ಪಟ್ಟಿ ತೋರಿಸಿದರೆ ಈ ವಾಕ್ಯ ಸುಳ್ಳಾಗುತ್ತದೆ.

ಎರಡನೆಯದು ತರತಮ: ‘ನಾಟ್ ಸೋ ಮಚ್ ಟು ಇನ್‌ಸ್ಪೆಕ್ಟ್ ಆ್ಯಸ್ ಟು ಕನ್ಸೋಲ್’, ಅಥವಾ ‘ಲೆಸ್ ಟು ಇನ್‌ಸ್ಪೆಕ್ಟ್ ದ್ಯಾನ್ ಟು ಕನ್ಸೋಲ್’. ಎರಡೂ ಉದ್ದೇಶಗಳಿದ್ದವು, ಸಮಾಧಾನದ್ದು ತೂಕ ಹೆಚ್ಚು. ‘ಸೋ ಮಚ್’ ಬಂದ ಮೇಲೆ ‘ಆ್ಯಸ್’ ಬರಲೇಬೇಕು. ‘ಬಟ್’ ಹಾಕಿದರೆ ನಿರಾಕರಣೆಯ ತಲೆಗೆ ತರತಮದ ಕಾಲು ಸೇರಿಸಿದಂತಾಗುತ್ತದೆ, ಓದುಗನಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ. ಇಂಗ್ಲಿಷನ್ನೇ ಹುಟ್ಟಿನಿಂದ ಆಡುವವರೂ ದಿನಾ ಮಾಡುವ ತಪ್ಪಿದು.

ಮೂರನೆಯದು ಸಮತೂಕ: ‘ಆ್ಯಸ್ ಮಚ್ ಟು ಇನ್‌ಸ್ಪೆಕ್ಟ್ ಆ್ಯಸ್ ಟು ಕನ್ಸೋಲ್’. ನಾಲ್ಕನೆಯದು ಕೂಡಿಕೆ: ‘ನಾಟ್ ಓನ್ಲಿ ಟು... ಬಟ್ ಆಲ್ಸೋ ಟು’. ಇಲ್ಲಿ ‘ನಾಟ್’ ಇದ್ದರೂ ಏನನ್ನೂ ಅಲ್ಲಗಳೆಯುತ್ತಿಲ್ಲ, ಲೆಕ್ಕಕ್ಕೆ ಇನ್ನೊಂದನ್ನು ಸೇರಿಸುತ್ತಿದೆ ಅಷ್ಟೆ. ‘ನಾಟ್ ಓನ್ಲಿ’ಯಲ್ಲಿರುವ ಆ ಪುಟ್ಟ ‘ಓನ್ಲಿ’ ಬಿಟ್ಟುಹೋದರೆ ನಾಲ್ಕನೇ ಮೆಟ್ಟಿಲಿನಿಂದ ನೇರ ಮೊದಲನೆಯದಕ್ಕೆ ಜಾರಿದಂತೆ.

ಐದನೆಯದು ಕನಿಷ್ಠ ಉದ್ದೇಶ: ‘ಇಫ್ ಓನ್ಲಿ ಟು ಕನ್ಸೋಲ್’. ಬೇರೇನೂ ಆಗದಿದ್ದರೂ ಒಂದು ಸಮಾಧಾನದ ಮಾತಾಡಲಿಕ್ಕಾದರೂ ಹೋಗಬೇಕಿತ್ತು ಎಂಬ ಭಾವ. ಕನ್ನಡದಲ್ಲಿ ‘ಆದರೂ’ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ನಮ್ಮವರು ಇಂಗ್ಲಿಷ್ ಬರೆಯುವಾಗ ತೀರಾ ಕಡಿಮೆ ಬಳಸುವ, ಆದರೆ ತುಂಬ ಉಪಯೋಗಕ್ಕೆ ಬರುವ ಪ್ರಯೋಗ ಇದು.

ತರತಮದ ವಾಕ್ಯದಲ್ಲಿ ಒಂದು ಎಚ್ಚರ ಬೇಕು. ಎರಡನೇ ಉದ್ದೇಶದ ಮುಂದೆಯೂ ‘ಟು’ ಮತ್ತೆ ಬರಲಿ. ‘ಮೋರ್ ಟು ಟೀಚ್ ದ್ಯಾನ್ ಪ್ಲೀಸ್’ ಎಂದರೆ ಅರ್ಥ ಹೇಗೋ ಆಗುತ್ತದೆ. ಆದರೆ ಉದ್ದೇಶಗಳು ನಾಲ್ಕೈದು ಪದಗಳಷ್ಟು ಉದ್ದವಾದಾಗ ಯಾವುದನ್ನು ಯಾವುದಕ್ಕೆ ಹೋಲಿಸಿದ್ದಾರೆಂದು ಓದುಗ ಹಿಂದೆ ಹೋಗಿ ಹುಡುಕಬೇಕಾಗುತ್ತದೆ. ಎರಡಕ್ಷರ ಉಳಿಸಲು ಹೋಗಿ ಒಂದು ನಿಮಿಷ ಕಳೆದಂತೆ.

‘ರಾದರ್ ದ್ಯಾನ್’ ಎಂಬ ಎರಡು ಮುಖ

ಈ ಐದರ ನಡುವೆ ಎಲ್ಲೂ ಸರಿಯಾಗಿ ಕೂರದ ಒಂದು ಪ್ರಯೋಗವಿದೆ: ‘ರಾದರ್ ದ್ಯಾನ್’. ಭಾರತದ ಕಚೇರಿ ಇಂಗ್ಲಿಷ್‌ನಲ್ಲಿ ‘ಬದಲು’ ಎಂಬ ಅರ್ಥ ಬೇಕಾದಲ್ಲೆಲ್ಲ ಇದನ್ನು ಹಾಕುತ್ತಾರೆ. ನಿಜದಲ್ಲಿ ಇದರೊಳಗೆ ಎರಡು ಬೇರೆ ಮಾತುಗಳಿವೆ.

‘ಹೀ ರಿಸೈನ್ಡ್ ರಾದರ್ ದ್ಯಾನ್ ಸೈನ್ ದಿ ಆರ್ಡರ್’ ಎಂಬ ವಾಕ್ಯವನ್ನು ನೋಡಿ. ‘ಸೈನ್’ ಕ್ರಿಯಾಪದಕ್ಕೆ ಕಾಲಸೂಚಕವಿಲ್ಲ, ‘ಟು’ ಕೂಡ ಇಲ್ಲ. ಆ ಬರಿಯ ರೂಪ ಬಂತೆಂದರೆ ಅಲ್ಲಿ ಒಂದು ಆಯ್ಕೆ ನಡೆದಿದೆ, ಆ ಆಯ್ಕೆಗೆ ಒಂದು ಕಾರಣವಿದೆ. ಆದೇಶಕ್ಕೆ ಸಹಿ ಹಾಕುವುದಕ್ಕಿಂತ ರಾಜೀನಾಮೆಯೇ ಮೇಲು ಎಂದುಕೊಂಡು ಆತ ಕೊಟ್ಟ. ಇನ್ನು ‘ಹೀ ರಿಸೈನ್ಡ್, ರಾದರ್ ದ್ಯಾನ್ ಸೈನ್ಡ್’ ಎಂದರೆ ಅದು ಮಾತಿನ ತಿದ್ದುಪಡಿ. ಅವನು ಸಹಿ ಹಾಕಿದ ಎಂದು ನೀವು ತಿಳಿದಿದ್ದೀರಿ, ಅಲ್ಲ, ರಾಜೀನಾಮೆ ಕೊಟ್ಟ, ಅಷ್ಟೆ. ಮೊದಲನೆಯದರಲ್ಲಿ ಒಬ್ಬನ ಸಂಕಲ್ಪ ಇದೆ, ಎರಡನೆಯದರಲ್ಲಿ ಬರೀ ವರದಿ. ಪತ್ರಿಕೆಯೊಂದು ಅಧಿಕಾರಿಯ ರಾಜೀನಾಮೆ ಸುದ್ದಿ ಬರೆಯುವಾಗ ಯಾವ ರೂಪ ಬಳಸುತ್ತದೆ ಎಂಬುದರ ಮೇಲೆ ಆತ ಧೀರನಾಗುತ್ತಾನೆ ಅಥವಾ ಬರೀ ಸುದ್ದಿಯ ವಸ್ತುವಾಗುತ್ತಾನೆ.

ಇದರ ಪಕ್ಕದಲ್ಲಿರುವ ‘ಇನ್‌ಸ್ಟೆಡ್ ಆಫ್’ ನಿರ್ಲಿಪ್ತ. ಒಂದರ ಜಾಗದಲ್ಲಿ ಇನ್ನೊಂದು ಬಂತು ಎಂದು ಹೇಳುತ್ತದೆ, ಯಾರು ಏಕೆ ಆರಿಸಿಕೊಂಡರು ಎಂಬ ಗೊಡವೆ ಅದಕ್ಕಿಲ್ಲ. ಬಸ್ ತಪ್ಪಿ ರೈಲಿನಲ್ಲಿ ಹೋದರೂ ‘ಇನ್‌ಸ್ಟೆಡ್’ ನಡೆಯುತ್ತದೆ. ‘ಆ್ಯಸ್ ಅಪೋಸ್ಡ್ ಟು’ ಇನ್ನೂ ಬೇರೆ. ಅದು ಎರಡು ವರ್ಗಗಳ ನಡುವೆ ಗೆರೆ ಎಳೆಯುತ್ತದೆ: ಶಿಕ್ಷೆಗೆ ವಿರುದ್ಧವಾಗಿ ಸುಧಾರಣೆ ಎಂಬಂತೆ. ಉದ್ದೇಶವೊಂದನ್ನು ಬೇಕೆಂದೇ ಆರಿಸಿಕೊಂಡದ್ದನ್ನು ಹೇಳಲು ಈ ಎರಡೂ ಸಾಲವು.

ನಕಾರ ಎಲ್ಲಿ ಕೂರಬೇಕು

ಹೋಲಿಕೆಗಿಂತ ಮೊದಲು ಒಂದೊಂದೇ ಉದ್ದೇಶವನ್ನು ಸರಿಯಾಗಿ ಹೇಳಬೇಕು. ಅಲ್ಲಿ ಇಂಗ್ಲಿಷ್ ಕೆಲವು ಬಲೆಗಳನ್ನು ಒಡ್ಡಿದೆ.

‘ನಾಟ್ ಇನ್ ಆರ್ಡರ್ ಟು ಹರ್ಟ್’ ಎಂದರೆ ನೋಯಿಸುವ ಉದ್ದೇಶ ಇರಲಿಲ್ಲ. ‘ಇನ್ ಆರ್ಡರ್ ನಾಟ್ ಟು ಹರ್ಟ್’ ಎಂದರೆ ನೋಯಿಸದಿರುವುದೇ ಉದ್ದೇಶ. ಮೊದಲನೆಯವನು ಅಜಾಗರೂಕನಾಗಿರಬಹುದು, ಎರಡನೆಯವನು ಎಚ್ಚರಿಕೆಯವನು. ಕ್ಷಮಾಪಣೆ ಪತ್ರದಲ್ಲಿ ಒಂದರ ಬದಲು ಇನ್ನೊಂದು ಬಂದರೆ ಮಾಡದ ಪುಣ್ಯವನ್ನು ಹೇಳಿಕೊಂಡಂತಾಗುತ್ತದೆ. ಬರೀ ‘ಟು’ಗೆ ಈ ನಕಾರದ ಭಾರ ಹೊರಲು ಕಷ್ಟ. ‘ಐ ಲೆಫ್ಟ್ ಅರ್ಲಿ ನಾಟ್ ಟು ಮೀಟ್ ಹಿಮ್’ ಎಂಬುದು ಕಿವಿಗೆ ಒರಟಾಗಿ ಕೇಳುತ್ತದೆ. ‘ಸೋ ಆ್ಯಸ್ ನಾಟ್ ಟು’ ಅಥವಾ ‘ಇನ್ ಆರ್ಡರ್ ನಾಟ್ ಟು’ ಬೇಕಾಗುವುದು ಅಲ್ಲೇ.

‘ನಾಟ್... ಬಿಕಾಸ್’ ಇನ್ನೊಂದು ಬಲೆ. ‘ಹೀ ಡಿಡಂಟ್ ರಿಸೈನ್ ಬಿಕಾಸ್ ಹೀ ವಾಸ್ ಆ್ಯಂಗ್ರಿ’ ಎಂಬ ವಾಕ್ಯಕ್ಕೆ ಎರಡು ಅರ್ಥ. ಸಿಟ್ಟಿನಿಂದಾಗಿ ರಾಜೀನಾಮೆ ಕೊಡಲಿಲ್ಲ ಎಂದೂ ಆಯಿತು, ರಾಜೀನಾಮೆ ಕೊಟ್ಟ ಆದರೆ ಸಿಟ್ಟಿಗಲ್ಲ ಎಂದೂ ಆಯಿತು. ಆತ ಈಗ ಕುರ್ಚಿಯಲ್ಲಿದ್ದಾನೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಈ ತೊಡಕು ಬರುವುದು ಅಪರೂಪ. ‘ಸಿಟ್ಟಿಗೆ ರಾಜೀನಾಮೆ ಕೊಟ್ಟದ್ದಲ್ಲ’ ಎಂದು ನಕಾರವನ್ನು ಕೊನೆಗೆ ತಳ್ಳಿದರೆ ಆಯಿತು, ಕೆಲಸ ನಡೆದಿದೆ, ಕಾರಣ ಮಾತ್ರ ಬೇರೆ ಎಂದು ಯಾರಿಗೂ ತಿಳಿಯುತ್ತದೆ. ಇಂಗ್ಲಿಷ್‌ನಲ್ಲಿ ಅದೇ ಸ್ಪಷ್ಟತೆ ಬೇಕಾದರೆ ‘ಇಟ್ ವಾಸ್ ನಾಟ್ ಬಿಕಾಸ್... ದ್ಯಾಟ್ ಹೀ ರಿಸೈನ್ಡ್’ ಎಂದು ವಾಕ್ಯವನ್ನು ಸೀಳಬೇಕು.

ಉದ್ದೇಶದ ವೇಷ ಹಾಕಿಕೊಂಡ ಪರಿಣಾಮವೂ ಉಂಟು. ‘ಹೀ ರ‍್ಯಾನ್ ಟು ದಿ ಸ್ಟೇಷನ್, ಓನ್ಲಿ ಟು ಫೈಂಡ್ ದಿ ಟ್ರೇನ್ ಗಾನ್’ ಎಂದಾಗ ರೈಲು ಹೋಗಿದ್ದನ್ನು ಕಾಣಲೆಂದು ಯಾರೂ ಓಡುವುದಿಲ್ಲ. ರೂಪ ಉದ್ದೇಶದ್ದು, ಅರ್ಥ ನಿರಾಶೆಯದ್ದು. ‘ಸೋ ದ್ಯಾಟ್’ ಕೂಡ ಹೀಗೆಯೇ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಅದರ ನಂತರ ‘ಕುಡ್’, ‘ಮೈಟ್’, ‘ವುಡ್’ ಬಂದರೆ ಸಾಮಾನ್ಯವಾಗಿ ಉದ್ದೇಶ, ಬರೀ ಭೂತಕಾಲದ ಕ್ರಿಯೆ ಬಂದರೆ ಸಾಮಾನ್ಯವಾಗಿ ಪರಿಣಾಮ.

ಕನ್ನಡ ಮನೆಮಾತಾದವರಿಗೇ ವಿಶೇಷವಾಗಿ ಕಾಡುವುದು ‘ಫಾರ್’. ನಮ್ಮ ‘ಗೆ’, ‘ಕ್ಕೆ’ಗಳು ವಸ್ತುವಿನ ಉಪಯೋಗಕ್ಕೂ ಮನುಷ್ಯನ ಉದ್ದೇಶಕ್ಕೂ ಒಂದೇ. ಚಾಕು ಇರುವುದು ಹೆಚ್ಚಲಿಕ್ಕೆ, ನಾನು ಬಂದದ್ದು ನೋಡಲಿಕ್ಕೆ. ಇಂಗ್ಲಿಷ್‌ನಲ್ಲಿ ಚಾಕು ‘ಫಾರ್ ಕಟಿಂಗ್’ ಆಗಬಹುದು, ಆದರೆ ನಾನು ‘ಫಾರ್ ಸೀಯಿಂಗ್ ಯು’ ಬರುವಂತಿಲ್ಲ, ‘ಟು ಸೀ ಯು’ ಬರಬೇಕು. ವಸ್ತುವಿನ ಪ್ರಯೋಜನ ಬೇರೆ, ಕರ್ತೃವಿನ ಇಚ್ಛೆ ಬೇರೆ ಎಂಬ ಭೇದವನ್ನು ಅದು ವ್ಯಾಕರಣದಲ್ಲೇ ಇಟ್ಟುಕೊಂಡಿದೆ. ‘ವಿತ್ ಎ ವ್ಯೂ ಟು’ ಆದ ಮೇಲೆ ಮಾತ್ರ ‘ಇಂಪ್ರೂವ್’ ಅಲ್ಲ, ‘ಇಂಪ್ರೂವಿಂಗ್’. ನಮ್ಮ ಸುತ್ತೋಲೆಗಳಲ್ಲಿ ಇದು ಎಷ್ಟು ಸಲ ತಪ್ಪುತ್ತದೆಂದರೆ ಸರಿಯಾದದ್ದೇ ತಪ್ಪಾಗಿ ಕಾಣತೊಡಗಿದೆ.

ಯಾರ ಉದ್ದೇಶ?

ಶೈಲಿಯ ಗುರುಗಳಿಗೆ ಇದ್ದ ತಕರಾರು ಬೇರೆ. ಬ್ರಿಟನ್ನಿನ ಹಣಕಾಸು ಇಲಾಖೆಯ ಕೋರಿಕೆಯ ಮೇರೆಗೆ ಅರ್ನೆಸ್ಟ್ ಗೌವರ್ಸ್ ಸರ್ಕಾರಿ ನೌಕರರಿಗಾಗಿ ‘ಪ್ಲೇನ್ ವರ್ಡ್ಸ್’ ಬರೆದದ್ದು 1948ರಲ್ಲಿ. ಅದು ಬೆಳೆದು 1954ರಲ್ಲಿ ‘ದಿ ಕಂಪ್ಲೀಟ್ ಪ್ಲೇನ್ ವರ್ಡ್ಸ್’ ಆಯಿತು. ಅವರಿಗಿಂತ ಮೊದಲು, 1926ರಲ್ಲಿ ಬಂದ ತನ್ನ ಬಳಕೆಯ ನಿಘಂಟಿನಲ್ಲಿ ಎಚ್. ಡಬ್ಲ್ಯೂ. ಫೌಲರ್ ಕೂಡ ಉದ್ದನೆಯ ಜೋಡುಪದಗಳ ಮೇಲೆ ಹರಿಹಾಯ್ದಿದ್ದ. ಎರಡಕ್ಷರದ ‘ಟು’ ಸಾಕಾಗುವಲ್ಲಿ ‘ಫಾರ್ ದಿ ಪರ್ಪಸ್ ಆಫ್’, ‘ವಿತ್ ದಿ ಆಬ್ಜೆಕ್ಟ್ ಆಫ್’ ಎಂದು ಪೇರಿಸುವುದೇಕೆ ಎಂಬುದು ಈ ಪರಂಪರೆಯ ತಿರುಳು. ಮಾತು ಸರಿ, ಪೂರ್ತಿ ಸರಿಯಲ್ಲ. ನಕಾರವನ್ನು ಎಲ್ಲಿ ಕೂರಿಸಬೇಕೆಂಬ ಪ್ರಶ್ನೆ ಬಂದಾಗ, ಎರಡು ಉದ್ದೇಶಗಳು ಎದುರುಬದುರಾದಾಗ, ‘ಇನ್ ಆರ್ಡರ್ ಟು’ ತನ್ನ ಉದ್ದಕ್ಕೆ ತಕ್ಕ ಕೂಲಿ ಮಾಡುತ್ತದೆ.

ಉದ್ದಕ್ಕಿಂತ ದೊಡ್ಡ ದೋಷ ಒಡೆಯನಿಲ್ಲದ ಉದ್ದೇಶ. ‘ಟು ಸೇವ್ ವಾಟರ್, ದಿ ಟ್ಯಾಪ್ಸ್ ವರ್ ಕ್ಲೋಸ್ಡ್’. ನೀರು ಉಳಿಸುವ ಇಚ್ಛೆ ಯಾರದು? ನಲ್ಲಿಯದಂತೂ ಅಲ್ಲ. ಕರ್ಮಣಿ ಪ್ರಯೋಗದಲ್ಲಿ ಕರ್ತೃ ಮಾಯವಾದಾಗ ಉದ್ದೇಶಕ್ಕೆ ಹೊಣೆ ಹೊರುವವರೂ ಮಾಯವಾಗುತ್ತಾರೆ. ಸರ್ಕಾರಿ ಪತ್ರಗಳ ‘ಐ ಆ್ಯಮ್ ಡೈರೆಕ್ಟೆಡ್ ಟು’ ಇದಕ್ಕೆ ಕಂಡುಕೊಂಡ ವಿಚಿತ್ರ ಪರಿಹಾರ. ಸಹಿ ನನ್ನದು, ಉದ್ದೇಶ ಸರ್ಕಾರದ್ದು ಎಂದು ಅದು ಮೊದಲ ಸಾಲಿನಲ್ಲೇ ಹೇಳಿಬಿಡುತ್ತದೆ. ಅದನ್ನು ಎಷ್ಟೇ ಹಾಸ್ಯ ಮಾಡಿದರೂ, ಉದ್ದೇಶ ಯಾರದೆಂದು ತಿಳಿಸುವ ಮಟ್ಟಿಗೆ ಅದು ಪ್ರಾಮಾಣಿಕ.

ತಿಳಿದು ಮಾಡಿದ್ದು, ಬೇಕೆಂದು ಮಾಡಿದ್ದು

ತತ್ತ್ವಜ್ಞಾನಿಗಳು ಪ್ರಶ್ನೆಯನ್ನು ಇನ್ನೂ ಆಳಕ್ಕೆ ಒಯ್ದರು. 1789ರಲ್ಲಿ ಪ್ರಕಟವಾದ ತನ್ನ ನೀತಿ ಮತ್ತು ಶಾಸನದ ಗ್ರಂಥದಲ್ಲಿ ಜೆರೆಮಿ ಬೆಂಥಮ್ ನೇರ ಉದ್ದೇಶ, ಓರೆ ಉದ್ದೇಶ ಎಂದು ಎರಡು ಮಾಡಿದ. ಬಯಸಿದ್ದು ನೇರ. ಬಯಸದಿದ್ದರೂ ಆಗಿಯೇ ಆಗುತ್ತದೆಂದು ಗೊತ್ತಿದ್ದದ್ದು ಓರೆ.

1957ರಲ್ಲಿ ಎಲಿಜಬೆತ್ ಆನ್ಸ್‌ಕೂಂಬ್ ‘ಇಂಟೆನ್ಷನ್’ ಎಂಬ ಪುಟ್ಟ ಪುಸ್ತಕದಲ್ಲಿ ಇದಕ್ಕೊಂದು ಮರೆಯಲಾಗದ ಚಿತ್ರ ಕೊಟ್ಟರು. ಒಬ್ಬ ಒಂದು ಮನೆಯ ತೊಟ್ಟಿಗೆ ನೀರು ಪಂಪ್ ಮಾಡುತ್ತಿದ್ದಾನೆ. ನೀರಿನ ಮೂಲಕ್ಕೆ ಯಾರೋ ವಿಷ ಬೆರೆಸಿದ್ದಾರೆ. ಅವನು ಕೈ ಆಡಿಸುತ್ತಿದ್ದಾನೆ, ಪಂಪ್ ಹೊಡೆಯುತ್ತಿದ್ದಾನೆ, ತೊಟ್ಟಿ ತುಂಬಿಸುತ್ತಿದ್ದಾನೆ, ಮನೆಯವರಿಗೆ ವಿಷವುಣಿಸುತ್ತಿದ್ದಾನೆ. ಕ್ರಿಯೆ ಒಂದೇ, ವರ್ಣನೆ ನಾಲ್ಕು. ‘ಏಕೆ?’ ಎಂದು ಕೇಳುತ್ತಾ ಹೋದರೆ ಒಂದೊಂದು ಉತ್ತರವೂ ಮುಂದಿನ ಉದ್ದೇಶಕ್ಕೆ ಕೊಂಡೊಯ್ಯುತ್ತದೆ. ವಿಷದ ವಿಷಯ ಗೊತ್ತಿದ್ದೂ ‘ನನಗೇನು, ನಾನು ಕೂಲಿಗೆ ಪಂಪ್ ಹೊಡೆದೆ’ ಎಂದವನ ಉದ್ದೇಶ ಎಲ್ಲಿಗೆ ನಿಂತಿತು ಎಂಬುದೇ ಕಷ್ಟದ ಪ್ರಶ್ನೆ. ಹೋಲಿಕೆಯ ದೃಷ್ಟಿಯಿಂದ ಇಲ್ಲೊಂದು ಪಾಠವಿದೆ. ಸರಪಳಿಯ ಬೇರೆ ಬೇರೆ ಕೊಂಡಿಗಳಲ್ಲಿರುವ ಉದ್ದೇಶಗಳನ್ನು ‘ರಾದರ್ ದ್ಯಾನ್’ ಹಾಕಿ ಎದುರುಬದುರು ನಿಲ್ಲಿಸಬಾರದು. ತೊಟ್ಟಿ ತುಂಬಿಸುವುದೂ ಕೂಲಿ ಗಳಿಸುವುದೂ ಪ್ರತಿಸ್ಪರ್ಧಿಗಳಲ್ಲ, ಒಂದು ಇನ್ನೊಂದರ ದಾರಿ. ‘ಪದವಿಗಿಂತ ಕೆಲಸಕ್ಕಾಗಿ ಓದುತ್ತಿದ್ದೇನೆ’ ಎಂಬಂಥ ವಾಕ್ಯಗಳು ಎಡವುವುದು ಇಲ್ಲೇ. ಪದವಿ ಕೆಲಸದ ದಾರಿಯಾದರೆ ಹೋಲಿಕೆಯೇ ಸಲ್ಲದು.

ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಒಂದೇ ಎಂದು ತೋರುವ ಮೂರು ಮಾತುಗಳನ್ನು ಬಿಡಿಸಿಟ್ಟರು. ಅವರು ತೀರಿಕೊಂಡ ಮೇಲೆ 1966ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಸ್ಥೂಲವಾಗಿ ಹೇಳುವುದಾದರೆ ‘ಇಂಟೆನ್ಷನಲಿ’ ಎಂದರೆ ಏನು ಮಾಡುತ್ತಿದ್ದೇನೆಂಬ ಅರಿವಿನಿಂದ, ‘ಆನ್ ಪರ್ಪಸ್’ ಎಂದರೆ ಒಂದು ಫಲವನ್ನು ಗುರಿಯಾಗಿಟ್ಟು, ‘ಡೆಲಿಬರೇಟ್‌ಲಿ’ ಎಂದರೆ ಹಿಂದುಮುಂದು ತೂಗಿ. ಅರಿವಿದ್ದರೂ ಗುರಿ ಇಲ್ಲದಿರಬಹುದು, ಗುರಿಯಿದ್ದರೂ ತೂಗಿ ನೋಡದಿರಬಹುದು. ನಮ್ಮ ‘ಬೇಕೆಂದೇ’ ಈ ಮೂರನ್ನೂ ಒಟ್ಟಿಗೆ ಹೊತ್ತು ತಿರುಗುತ್ತದೆ.

ಇಷ್ಟು ಸೂಕ್ಷ್ಮ ಭೇದ ಸಾಮಾನ್ಯ ಜನರ ಮಾತಿನಲ್ಲಿ ಉಳಿಯುತ್ತದೆಯೇ? 2003ರಲ್ಲಿ ತತ್ತ್ವಜ್ಞಾನಿ ಜೋಶುವಾ ನೋಬ್ ಮ್ಯಾನ್‌ಹಾಟನ್‌ನ ಉದ್ಯಾನವೊಂದರಲ್ಲಿದ್ದವರನ್ನು ಕೇಳಿ ನೋಡಿದ. ಕಂಪನಿಯ ಅಧ್ಯಕ್ಷನೊಬ್ಬ ಲಾಭಕ್ಕಾಗಿ ಒಂದು ಯೋಜನೆ ಆರಂಭಿಸುತ್ತಾನೆ, ಪರಿಸರದ ಬಗ್ಗೆ ತನಗೆ ಚಿಂತೆಯೇ ಇಲ್ಲ ಎನ್ನುತ್ತಾನೆ. ಪರಿಸರ ಹಾಳಾಗುವ ಕತೆ ಕೇಳಿದವರಲ್ಲಿ ಶೇ. 82ರಷ್ಟು ಮಂದಿ ಅವನು ಉದ್ದೇಶಪೂರ್ವಕವಾಗಿಯೇ ಹಾಳುಮಾಡಿದ ಎಂದರು. ಅದೇ ಕತೆಯಲ್ಲಿ ಪರಿಸರಕ್ಕೆ ಒಳ್ಳೆಯದಾದಾಗ, ಉದ್ದೇಶಪೂರ್ವಕವಾಗಿ ಒಳ್ಳೆಯದು ಮಾಡಿದ ಎಂದವರು ಶೇ. 23 ಮಾತ್ರ. ಅಧ್ಯಕ್ಷನ ಮನಸ್ಸು ಎರಡರಲ್ಲೂ ಒಂದೇ. ಉದ್ದೇಶದ ಪದವನ್ನು ನಾವು ಆರಿಸುವಾಗಲೇ ಗುಣದೋಷದ ತೀರ್ಪು ಒಳಗೆ ಸೇರಿಕೊಂಡಿರುತ್ತದೆ.

ಕಟಕಟೆಯಲ್ಲಿ ಪದಗುಚ್ಛ

ಈ ಭೇದಗಳ ಮೇಲೆ ಜೀವವೇ ನಿಲ್ಲುವುದು ನ್ಯಾಯಾಲಯದಲ್ಲಿ. ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಕರಡಾಗಿ, 1860ರಲ್ಲಿ ಅಂಗೀಕಾರವಾಗಿ, 1862ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ 299ನೇ ಕಲಂ ಸಾವು ತರುವ ‘ಇಂಟೆನ್ಷನ್’ ಮತ್ತು ಸಾವು ಬರಬಹುದೆಂಬ ‘ನಾಲೆಡ್ಜ್’ ಎರಡನ್ನೂ ಬೇರೆ ಬೇರೆ ಇಟ್ಟಿತು. 304ನೇ ಕಲಂನಲ್ಲಿ ಉದ್ದೇಶವಿದ್ದರೆ ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ, ಬರೀ ಅರಿವಿದ್ದರೆ ಹತ್ತು ವರ್ಷಕ್ಕೆ ಮಿತಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ ಸಂಖ್ಯೆ ಬದಲಾಗಿದೆ, ಉದ್ದೇಶ ಮತ್ತು ಅರಿವಿನ ನಡುವಿನ ಗೆರೆ ಉಳಿದಿದೆ. 1958ರ ವಿರ್ಸಾ ಸಿಂಗ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಇನ್ನೊಂದು ಗೆರೆ ಎಳೆದರು. ಆರೋಪಿ ಸಾವನ್ನು ಬಯಸಿದನೇ ಎಂಬುದಲ್ಲ, ಆ ನಿರ್ದಿಷ್ಟ ಗಾಯವನ್ನು ಮಾಡಲು ಬಯಸಿದನೇ ಎಂಬುದು ಮೊದಲ ಪ್ರಶ್ನೆ. ಆ ಗಾಯ ಸಾವಿಗೆ ಸಾಕಷ್ಟು ಎಂಬುದು ವೈದ್ಯಕೀಯ ಸಂಗತಿ, ಅವನ ಮನಸ್ಸಿನ ಸಂಗತಿಯಲ್ಲ.

ಎರಡು ಉದ್ದೇಶಗಳ ತೂಕ ನೋಡಿದ ಅಚ್ಚುಕಟ್ಟಾದ ಪ್ರಕರಣ ಇಂಗ್ಲೆಂಡಿನದು. ರೈಲು ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಮಹಿಳೆಯೊಬ್ಬರು ಬ್ರಿಟಿಷ್ ರೈಲ್ವೆ ಮಂಡಳಿಯ ಆಂತರಿಕ ತನಿಖಾ ವರದಿಯನ್ನು ಕೇಳಿದರು. ಅದು ವಕೀಲರ ಮಾಹಿತಿಗೆಂದು ಸಿದ್ಧವಾದದ್ದು ಎಂದು ವರದಿಯ ತಲೆಯ ಮೇಲೇ ಬರೆದಿತ್ತು. ಹಾಗಾಗಿ ಗೋಪ್ಯ ಎಂದು ಮಂಡಳಿ ವಾದಿಸಿತು. 1979ರಲ್ಲಿ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಮೊಕದ್ದಮೆಯ ಸಿದ್ಧತೆ ಅದರ ‘ಡಾಮಿನೆಂಟ್ ಪರ್ಪಸ್’ ಆಗಿರಬೇಕಿತ್ತು, ರೈಲ್ವೆ ಸುರಕ್ಷತೆಯ ಉದ್ದೇಶವೂ ಕಡಿಮೆಯಿಲ್ಲದಷ್ಟು ಇತ್ತು, ವರದಿ ಕೊಡಿ ಎಂದಿತು. ಮೂರು ವರ್ಷ ಮೊದಲು ಆಸ್ಟ್ರೇಲಿಯಾದ ಹೈಕೋರ್ಟ್ ‘ಸೋಲ್ ಪರ್ಪಸ್’ ಎಂಬ ಬಿಗಿ ಅಳತೆ ಇಟ್ಟಿತ್ತು. 1999ರಲ್ಲಿ ಅದೂ ‘ಡಾಮಿನೆಂಟ್’ಗೆ ಬಂತು.

ಭಾರತದ ಸುಪ್ರೀಂ ಕೋರ್ಟ್ ಒಮ್ಮೆ ಉದ್ದೇಶದ ಹೋಲಿಕೆಯನ್ನೇ ಪಕ್ಕಕ್ಕಿಟ್ಟಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1970ರ ಆರ್. ಸಿ. ಕೂಪರ್ ತೀರ್ಪಿನಲ್ಲಿ, ಕಾನೂನಿನ ಗುರಿ ಏನಾಗಿತ್ತು ಎಂಬುದಲ್ಲ, ನಾಗರಿಕನ ಹಕ್ಕಿನ ಮೇಲೆ ಅದರ ಪರಿಣಾಮವೇನು ಎಂದು ನೋಡಬೇಕು ಎಂದು ಕೋರ್ಟ್ ಹೇಳಿತು. ಉದ್ದೇಶವನ್ನು ಎಷ್ಟೇ ನಯವಾಗಿ ಬರೆದರೂ ಪರಿಣಾಮದ ಮುಂದೆ ಅದು ಗುರಾಣಿಯಾಗಲಾರದು.

ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಎಷ್ಟೋ ಕನ್ನಡಿಗರ ಬದುಕು ಮಾತ್ರ ಉದ್ದೇಶದ ಗೆರೆಯ ಮೇಲೇ ನಿಂತಿದೆ. ಅಮೆರಿಕದ ವಿದ್ಯಾರ್ಥಿ ವೀಸಾಕ್ಕೆ ಹೋಗುವವರು ಸ್ವದೇಶದ ನೆಲೆಯನ್ನು ಬಿಡುವ ಉದ್ದೇಶವಿಲ್ಲ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಎಚ್-1ಬಿಗೆ 1990ರ ಕಾನೂನು ‘ಡ್ಯುಯಲ್ ಇಂಟೆಂಟ್’ ಒಪ್ಪಿಕೊಂಡಿದೆ. ತಾತ್ಕಾಲಿಕ ಕೆಲಸಕ್ಕೆ ಬಂದು, ಖಾಯಂ ನೆಲೆಸುವ ಆಸೆಯನ್ನೂ ಇಟ್ಟುಕೊಳ್ಳಬಹುದು. ಅಂದರೆ ವಿದ್ಯಾರ್ಥಿ ಮೊದಲ ಮೆಟ್ಟಿಲಿನ ವಾಕ್ಯ ಹೇಳಬೇಕು, ಇಂಜಿನಿಯರ್‌ಗೆ ಮೂರನೆಯದೂ ನಡೆಯುತ್ತದೆ. ಅರ್ಜಿಯ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಬರೆಯುವ ಹುಡುಗರು ಎಲ್ಲ ಉದ್ದೇಶಗಳನ್ನೂ ‘ನಾಟ್ ಓನ್ಲಿ, ಬಟ್ ಆಲ್ಸೋ’ದಲ್ಲಿ ಪೋಣಿಸುತ್ತಾರೆ. ಸಂಶೋಧನೆಯೂ ಬೇಕು, ಉದ್ಯಮವೂ ಬೇಕು, ಸಮಾಜಸೇವೆಯೂ ಬೇಕು. ಓದುವ ಪ್ರಾಧ್ಯಾಪಕನಿಗೆ ಬೇಕಿರುವುದು ಎರಡನೇ ಮೆಟ್ಟಿಲು: ಯಾವುದು ಹೆಚ್ಚು, ಯಾವುದಕ್ಕಿಂತ?

ಎಲ್ಲಿಗೆ ಬಂತು

ಮೃದುವಾದ ‘ನಾಟ್ ಸೋ ಮಚ್’ ಇಂದು ಇಂಗ್ಲಿಷ್ ಬರಹದಲ್ಲಿ ಒಂದು ಅಡಗುತಾಣವಾಗಿದೆ. ನೇರವಾಗಿ ‘ಅದಕ್ಕಲ್ಲ’ ಎನ್ನಲು ಧೈರ್ಯವಿಲ್ಲದವರು, ‘ಅದಕ್ಕೂ ಹೌದು’ ಎಂದು ಒಪ್ಪಿಕೊಳ್ಳಲು ಮನಸ್ಸಿಲ್ಲದವರು ಇದರ ಹಿಂದೆ ನಿಲ್ಲುತ್ತಾರೆ. ‘ಈ ಕ್ರಮ ಶಿಕ್ಷಿಸಲು ಎನ್ನುವುದಕ್ಕಿಂತ ಎಚ್ಚರಿಸಲು’ ಎಂಬ ಧಾಟಿಯ ಸರ್ಕಾರಿ ಹೇಳಿಕೆಗಳು, ‘ಲಾಭಕ್ಕಿಂತ ಸೇವೆಗಾಗಿ’ ಎನ್ನುವ ಜಾಹೀರಾತುಗಳು ಎಲ್ಲ ಭಾಷೆಗಳಲ್ಲೂ ಇವೆ. ಇಂಗ್ಲಿಷ್ ಅವಕ್ಕೆ ಸಲಕರಣೆ ಒದಗಿಸಿದೆ ಅಷ್ಟೆ. ಪದಗುಚ್ಛದ ತಪ್ಪಲ್ಲ ಅದು. ತರತಮ ನಿಜವಾಗಿ ಇದ್ದಾಗ ಅದಕ್ಕಿಂತ ನಿಖರವಾದ ಉಪಕರಣ ಇನ್ನೊಂದಿಲ್ಲ.

ಹಾಗಾಗಿ ವ್ಯಾಕರಣ, ಶೈಲಿ, ತತ್ತ್ವ, ಕಾನೂನು ನಾಲ್ಕೂ ಸೇರಿ ಕೊಡುವ ಪರೀಕ್ಷೆ ಒಂದೇ. ಬರೆದ ವಾಕ್ಯದ ಮುಂದೆ ಒಬ್ಬ ಪಾಟೀಸವಾಲಿನ ವಕೀಲನನ್ನು ನಿಲ್ಲಿಸಿ. ‘ಹಾಗಾದರೆ ಮೊದಲನೇ ಉದ್ದೇಶ ಇತ್ತೋ ಇಲ್ಲವೋ?’ ಎಂದು ಅವನು ಕೇಳಲಿ. ವಾಕ್ಯವೇ ಹೌದು ಅಥವಾ ಇಲ್ಲ ಎಂದು ಉತ್ತರಿಸಿದರೆ ಪದ ಸರಿಯಾಗಿದೆ. ‘ಒಂದು ಅರ್ಥದಲ್ಲಿ...’ ಎಂದು ಬರೆದವನೇ ಬಾಯಿ ಹಾಕಬೇಕಾಗಿ ಬಂದರೆ, ತಿದ್ದಬೇಕಾದದ್ದು ಇಂಗ್ಲಿಷನ್ನಲ್ಲ, ತೀರ್ಮಾನವನ್ನು.